ಲಿಂಗನಮಕ್ಕಿ: ನೋಡೋರಿಗೆ ಹಿನ್ನೀರು, ಬಿಟ್ಟು ಬಂದವರಿಗೆ ಮುಳುಗಡೆ – ಪೂರ್ತಿ ವಿವರ ಇಲ್ಲಿದೆ

ಸಾಗರ: ರಜೆ ಬಂತು ಅಂದ್ರೆ ಸಿಗಂದೂರು, ಹೊನ್ನೆಮರಡು, ಹೊಳೆಬಾಗಿಲು ಕಡೆ ಕಾರು, ಟಿಟಿಗಳ ಸಾಲು ಶುರುವಾಗುತ್ತೆ. ಕಣ್ಣು ಹಾಯಿಸಿದಷ್ಟು ದೂರ ನೀರು, ನಡುವೆ ಹಸಿರು ದ್ವೀಪಗಳು, ಸಂಜೆ ಹೊತ್ತಿನ ಸೂರ್ಯ. ಫೋಟೋ ತೆಗೆಯದೇ ವಾಪಸ್ ಹೋಗುವವರೇ ಇಲ್ಲ.

ಹೊರಗಿನಿಂದ ಬಂದವರು ಈ ನೀರಿಗೆ 'ಹಿನ್ನೀರು' ಅಂತಾರೆ. ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಇದಕ್ಕಿರುವ ಹೆಸರು 'ಮುಳುಗಡೆ'. ನೀರು ಒಂದೇ, ಹೆಸರು ಎರಡು. ಮೊದಲ ಹೆಸರು ಹೇಳುವವರಿಗೆ ಎರಡನೆಯದರ ಕಥೆ ಗೊತ್ತಿರೋದು ಕಡಿಮೆ. ಶಾಲೆಗೆ ಹೋಗುವ ಈಗಿನ ಮಕ್ಕಳಿಗೂ ಅಷ್ಟಕ್ಕಷ್ಟೇ. ಅದಕ್ಕಾಗಿ ಶರಾವತಿ ಕಣಿವೆಯಲ್ಲಿ ನೀರು ನಿಂತದ್ದು ಹೇಗೆ, ಮುಳುಗಿದ್ದೇನು, ಸಿಕ್ಕಿದ್ದೇನು, ಇನ್ನೂ ಬಾಕಿ ಇರೋದೇನು ಎಂಬ ಮಾಹಿತಿಯನ್ನು ಒಂದೇ ಕಡೆ ಕೊಡಲಾಗಿದೆ.

ಒಂದೇ ನೋಟದಲ್ಲಿ

- ನದಿ: ಶರಾವತಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಉದ್ದ ಸುಮಾರು 128 ಕಿ.ಮೀ.
- ಅಣೆಕಟ್ಟು: ಲಿಂಗನಮಕ್ಕಿ, ಸಾಗರ ತಾಲ್ಲೂಕು. ಜೋಗ ಜಲಪಾತಕ್ಕಿಂತ ಸುಮಾರು 6 ಕಿ.ಮೀ. ಮೇಲೆ.
- ಪೂರ್ಣಗೊಂಡ ವರ್ಷ: 1964
- ಗರಿಷ್ಠ ಮಟ್ಟ: ಸಮುದ್ರ ಮಟ್ಟದಿಂದ 1,819 ಅಡಿ
- ಸಂಗ್ರಹ ಸಾಮರ್ಥ್ಯ: ಸುಮಾರು 151 ಟಿಎಂಸಿ
- ತುಂಬಿದಾಗ ನೀರು ಹರಡುವ ಜಾಗ: ಸುಮಾರು 300 ಚದರ ಕಿ.ಮೀ.
- ಗೇಟುಗಳು: 11

ಮಳೆಗಾಲದಲ್ಲಿ ಪೇಪರ್, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ದಿನಾ ಬರುವ 'ಇಂದಿನ ನೀರಿನ ಮಟ್ಟ' ಈ 1,819 ಅಡಿಯ ಲೆಕ್ಕದ್ದೇ.

ಮೊದಲು ಬಂದದ್ದು ಹಿರೇಭಾಸ್ಕರ

ಶರಾವತಿಗೆ ಲಿಂಗನಮಕ್ಕಿ ಮೊದಲ ಅಣೆಕಟ್ಟು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು. ಅದಕ್ಕೂ ಮುಂಚೆ ಮಡೆನೂರು ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಲಾಗಿತ್ತು. ಜೋಗದ ಬುಡದಲ್ಲಿರುವ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಬೇಕಿತ್ತು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಡೋದಕ್ಕೆ ಇದನ್ನು ಕಟ್ಟಿದ್ದು. 1948ರಲ್ಲಿ ಜೋಗದ ವಿದ್ಯುದಾಗಾರ ಉದ್ಘಾಟನೆಯಾಯಿತು. ಇವತ್ತು ಅದನ್ನು ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ ಅಂತ ಕರೆಯುತ್ತಾರೆ.

ಹಿರೇಭಾಸ್ಕರದ ವಿಶೇಷ ಅಂದ್ರೆ ಅದರ ಸೈಫನ್‌ಗಳು. ನೀರು ಒಂದು ಮಟ್ಟ ಮೀರಿದ ಕೂಡಲೇ ತಾನಾಗಿಯೇ ಎಳೆದು ಹೊರಗೆ ಬಿಡುವ ದೊಡ್ಡ ದುಂಡನೆಯ ಬಾವಿಯಂಥ ರಚನೆ ಇವು. ಗೇಟು ಎತ್ತೋಕೆ ಆಳು ಬೇಡ, ಮೋಟಾರು ಬೇಡ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ವಿಧಾನ ಇದು.

ಈ ಅಣೆಕಟ್ಟು ಕೆಲಸ ಮಾಡಿದ್ದು ಹೆಚ್ಚೆಂದರೆ ಹದಿನಾರು ವರ್ಷ. ಅದಕ್ಕಿಂತ ಎಷ್ಟೋ ದೊಡ್ಡದಾದ ಲಿಂಗನಮಕ್ಕಿ ಎದ್ದಾಗ ಹಿರೇಭಾಸ್ಕರವೇ ನೀರಿನೊಳಗೆ ಹೋಯಿತು. ಊರು ಮುಳುಗಿಸಿದ್ದ ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ಮುಳುಗಿಸಿತು. ಹಿರೇಭಾಸ್ಕರದ ನೀರು ಬಂದಾಗ ಸ್ವಲ್ಪ ಮೇಲಕ್ಕೆ ಸರಿದು ಮನೆ ಕಟ್ಟಿಕೊಂಡಿದ್ದ ಕೆಲವು ಕುಟುಂಬಗಳು ಎರಡನೇ ಸಲ ಗಂಟುಮೂಟೆ ಕಟ್ಟಬೇಕಾಯಿತು.

ಮುಳುಗಿದ್ದು ಎಂಥ ಜಾಗ?

ಮಲೆನಾಡಿನ ಜಮೀನಿನ ಲೆಕ್ಕ ಗೊತ್ತಿದ್ದವರಿಗೆ ಇದನ್ನು ವಿವರಿಸೋ ಅಗತ್ಯವಿಲ್ಲ. ಗುಡ್ಡದ ನೆತ್ತಿಯಲ್ಲಿ ಬ್ಯಾಣ, ಇಳಿಜಾರಲ್ಲಿ ಕಾನು ಮತ್ತು ಸೊಪ್ಪಿನ ಬೆಟ್ಟ, ಅದಕ್ಕಿಂತ ಕೆಳಗೆ ಅಡಿಕೆ ತೋಟ, ಎಲ್ಲಕ್ಕೂ ಕೆಳಗೆ ಹಳ್ಳದ ಪಕ್ಕ ಗದ್ದೆ. ಬೆಲೆ ಬಾಳುವ ಜಾಗ ಯಾವಾಗಲೂ ಕೆಳಗಿನದು. ನೀರು ಅಲ್ಲಿದೆ, ಗೋಡು ಮಣ್ಣು ಅಲ್ಲಿದೆ, ತಲೆಮಾರುಗಳ ದುಡಿಮೆ ಅಲ್ಲಿದೆ.

ಅಣೆಕಟ್ಟಿನ ನೀರು ಏರೋದು ಕೆಳಗಿನಿಂದ. ಹಾಗಾಗಿ ಮೊದಲು ಹೋದದ್ದೇ ಗದ್ದೆ. ಆಮೇಲೆ ತೋಟ. ಆಮೇಲೆ ಮನೆ, ಕೊಟ್ಟಿಗೆ, ದೇವಸ್ಥಾನ, ಊರಿನ ರಸ್ತೆ. ಉಳಿದದ್ದು ಯಾರೂ ಬೇಸಾಯ ಮಾಡದಿದ್ದ ಗುಡ್ಡದ ತಲೆ. ಇವತ್ತು ಫೋಟೋದಲ್ಲಿ ಚಂದ ಕಾಣುವ ಒಂದೊಂದು ದ್ವೀಪವೂ ಹಿಂದೆ ದನ ಮೇಯಲು ಬಿಡುತ್ತಿದ್ದ ಗುಡ್ಡದ ನೆತ್ತಿ.

ಹೆಸರಲ್ಲೇ ಇದಕ್ಕೆ ಸಾಕ್ಷಿ ಇದೆ. 'ಮಕ್ಕಿ' ಅಂದರೆ ಮಳೆ ನೀರನ್ನೇ ನಂಬಿದ ಮೇಲ್ಮಟ್ಟದ ಗದ್ದೆ. ಲಿಂಗನಮಕ್ಕಿ, ಹಸಿರುಮಕ್ಕಿ – ಎರಡು ಹೆಸರಲ್ಲೂ ಗದ್ದೆ ಇದೆ. ಒಂದನ್ನು ಈಗ ಜನ ಅಣೆಕಟ್ಟಿನ ಹೆಸರಾಗಿ ಹೇಳ್ತಾರೆ, ಇನ್ನೊಂದನ್ನು ಲಾಂಚ್ ಕಟ್ಟೆಯ ಹೆಸರಾಗಿ.

ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಮುಳುಗಡೆಯ ಬಿಸಿ ತಟ್ಟಿತು. ಕೆಲವು ಪೂರ್ತಿ ಹೋದವು. ಕೆಲವು ಅರ್ಧ ಮುಳುಗಿ ಅರ್ಧ ಉಳಿದವು. ಅರ್ಧ ಉಳಿದ ಊರಿನವರ ಕಷ್ಟ ಬೇರೆ ಥರದ್ದು. ಮನೆ ಇದೆ, ಗದ್ದೆ ಇಲ್ಲ. ಗದ್ದೆ ಇದೆ, ಪೇಟೆಗೆ ಹೋಗೋ ದಾರಿ ಇಲ್ಲ.

ಜನರ ಆಸ್ತಿಗೆ ಹೇಗಾದರೂ ಒಂದು ಲೆಕ್ಕ ಬರೆದರು. ಕಾಡಿಗೆ ಅಂಥ ಲೆಕ್ಕವೂ ಇಲ್ಲ. ಶರಾವತಿಯ ದಡದುದ್ದಕ್ಕೂ ಇದ್ದ ಹೊಳೆಸಾಲಿನ ಕಾಡು, ಗುಡ್ಡಗಳ ಮಧ್ಯೆ ಹರಿಯುತ್ತಿದ್ದ ಸಣ್ಣ ಹಳ್ಳಗಳು ನೀರೊಳಗೆ ಸೇರಿದವು. ಹರಿಯುವ ಹೊಳೆಯಲ್ಲಿ ಬದುಕುವ ಮೀನು, ಗಿಡ, ಹುಳುಗಳಿಗೆ ನಿಂತ ನೀರು ಒಗ್ಗೋದಿಲ್ಲ. ಈಗ ಹಿನ್ನೀರಿನಲ್ಲಿ ಮೀನು ಸಿಗುತ್ತೆ ನಿಜ. ಆದರೆ ಅದು ಹಳೇ ಹೊಳೆಯ ಮೀನಿನ ಸಂತೆ ಅಲ್ಲ.

ಗೇಣಿಗೆ ಉಳುತ್ತಿದ್ದವರ ಕಥೆ

ಮುಳುಗಡೆಯ ಮಾತು ಬಂದಾಗ ಮರೆತು ಹೋಗುವ ಒಂದು ವಿಷಯ ಇದೆ. ಅದು ದಿನಾಂಕದ್ದು.

ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಇದೇ ಸಾಗರ ತಾಲ್ಲೂಕಿನಲ್ಲಿ. ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತ ಆ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೇ ಭೂಮಿ ಸಿಗುವ ಭೂ ಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು, ದೇವರಾಜ ಅರಸು ಕಾಲದಲ್ಲಿ.

ಲಿಂಗನಮಕ್ಕಿ ತುಂಬಿದ್ದು 1964ರಲ್ಲಿ. ಅಂದರೆ ಹೋರಾಟ ಆಗಿ ಹದಿಮೂರು ವರ್ಷದ ಮೇಲೆ, ಕಾನೂನು ಬರೋದಕ್ಕೆ ಹತ್ತು ವರ್ಷ ಮೊದಲು.

ಪರಿಹಾರ ಹೋಗೋದು ದಾಖಲೆಯಲ್ಲಿ ಹೆಸರಿದ್ದವರಿಗೆ. ಅಜ್ಜನ ಕಾಲದಿಂದ ಅದೇ ಗದ್ದೆ ಉಳುತ್ತಿದ್ದರೂ ಗೇಣಿದಾರನ ಕೈಲಿ ತೋರಿಸೋಕೆ ಕಾಗದ ಇರಲಿಲ್ಲ. ಹತ್ತು ವರ್ಷ ನೀರು ತಡವಾಗಿ ಬಂದಿದ್ದರೆ ಅದೇ ಗದ್ದೆಗೆ ಅವನೇ ಒಡೆಯ ಅಂತ ಅರ್ಜಿ ಹಾಕಬಹುದಿತ್ತು. ಪಕ್ಕದ ಊರಿನ ಗೇಣಿದಾರ 1974ರ ನಂತರ ಮಾಲೀಕನಾದ. ಮುಳುಗಿದ ಊರಿನ ಗೇಣಿದಾರನಿಗೆ ಅರ್ಜಿ ಹಾಕಲು ಜಮೀನೇ ಉಳಿದಿರಲಿಲ್ಲ. ಒಂದೇ ತಾಲ್ಲೂಕಿನ ಎರಡು ಮನೆಗಳ ಹಣೆಬರಹ ಹೀಗೆ ಬೇರೆಯಾಯಿತು.

ಸಿಕ್ಕಿದ್ದು: ಕರೆಂಟು

ಇನ್ನೊಂದು ಕಡೆಯ ಲೆಕ್ಕವನ್ನೂ ಸರಿಯಾಗಿ ಹೇಳಬೇಕು. ಅದು ಸಣ್ಣದಲ್ಲ.

ಲಿಂಗನಮಕ್ಕಿಯಿಂದ ಹೊರಬರುವ ನೀರು ಅಣೆಕಟ್ಟಿನ ಬುಡದ ವಿದ್ಯುದಾಗಾರದಲ್ಲಿ ಮೊದಲು ಕೆಲಸ ಮಾಡುತ್ತೆ. ಅಲ್ಲಿಂದ ಕಾಲುವೆಯಲ್ಲಿ ತಳಕಳಲೆ ಜಲಾಶಯಕ್ಕೆ ಹೋಗಿ, ದೊಡ್ಡ ಪೈಪುಗಳಲ್ಲಿ ಘಟ್ಟ ಇಳಿದು ಶರಾವತಿ ವಿದ್ಯುದಾಗಾರ ಸೇರುತ್ತೆ. ಕೆಳಗೆ ಗೇರುಸೊಪ್ಪೆಯಲ್ಲಿ ಅದೇ ನೀರಿನಿಂದ ಮತ್ತೊಮ್ಮೆ ಕರೆಂಟು ತೆಗೆಯುತ್ತಾರೆ.

- ಶರಾವತಿ ವಿದ್ಯುದಾಗಾರ: 1,035 ಮೆಗಾವಾಟ್ (10 ಘಟಕ)
- ಗೇರುಸೊಪ್ಪೆ: 240 ಮೆಗಾವಾಟ್ (4 ಘಟಕ)
- ಜೋಗದ ಮಹಾತ್ಮ ಗಾಂಧಿ ಕೇಂದ್ರ: 139.2 ಮೆಗಾವಾಟ್
- ಲಿಂಗನಮಕ್ಕಿ ಅಣೆಕಟ್ಟಿನ ವಿದ್ಯುದಾಗಾರ: 55 ಮೆಗಾವಾಟ್

ಎಲ್ಲಾ ಸೇರಿ ಸುಮಾರು 1,469 ಮೆಗಾವಾಟ್. ಹೊಸನಗರ ತಾಲ್ಲೂಕಿನ ಚಕ್ರಾ ಮತ್ತು ಸಾವೇಹಕ್ಲು ಜಲಾಶಯಗಳ ನೀರನ್ನೂ ಲಿಂಗನಮಕ್ಕಿಗೇ ತಿರುಗಿಸಲಾಗಿದೆ.

1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಶರಾವತಿ ಯೋಜನೆಯನ್ನು ದೇಶಕ್ಕೆ ಅರ್ಪಿಸಿದರು. ರಾಯಚೂರಿನ ಕಲ್ಲಿದ್ದಲು ಸ್ಥಾವರ 1980ರ ದಶಕದಲ್ಲಿ ಶುರುವಾಗುವವರೆಗೆ ರಾಜ್ಯದ ಕರೆಂಟಿನ ಬೆನ್ನೆಲುಬು ಜಲವಿದ್ಯುತ್ತೇ, ಅದರಲ್ಲಿ ಶರಾವತಿಯದ್ದೇ ದೊಡ್ಡ ಪಾಲು. ಬೆಂಗಳೂರಿನ ಕಾರ್ಖಾನೆ ತಿರುಗಿದ್ದು, ಬಯಲುಸೀಮೆಯ ರೈತರ ಪಂಪ್‌ಸೆಟ್ ಓಡಿದ್ದು ಈ ನೀರಿನಿಂದಲೂ ಹೌದು. ಕಲ್ಲಿದ್ದಲು ಸುಡದೆ, ಹೊಗೆ ಉಗುಳದೆ ಬರುವ ಕರೆಂಟು ಇದು. ಬೇಡಿಕೆ ಏರಿದ ಹೊತ್ತಲ್ಲಿ ಕೆಲವೇ ನಿಮಿಷದಲ್ಲಿ ಘಟಕ ಶುರು ಮಾಡಬಹುದು ಅನ್ನೋದು ಇದರ ದೊಡ್ಡ ಅನುಕೂಲ.

ಇಷ್ಟೆಲ್ಲಾ ಆದರೂ ಕಣಿವೆಯಲ್ಲೇ ಉಳಿದ ಎಷ್ಟೋ ಮನೆಗಳಿಗೆ ವಿದ್ಯುತ್ ಕಂಬ ಬರಲು ದಶಕಗಳೇ ಹಿಡಿದವು. ಕರೆಂಟಿಗಾಗಿ ಜಾಗ ಬಿಟ್ಟವರು ಚಿಮಣಿ ಬುಡ್ಡಿ ಬೆಳಕಲ್ಲಿ ಕೂತಿದ್ದರು ಅನ್ನೋ ಮಾತು ಸಾಗರ ಸೀಮೆಯಲ್ಲಿ ಹಳೇದು.

ಒಂದು ಹೋಬಳಿಯೇ 'ದ್ವೀಪ' ಆಯಿತು

ಕರೂರು ಮತ್ತು ಬಾರಂಗಿ ಹೋಬಳಿಗಳು, ಅಂದರೆ ತುಮರಿ, ಬ್ಯಾಕೋಡು, ಕುದರೂರು ಭಾಗ, ನೀರು ನಿಂತ ಮೇಲೆ ತಾಲ್ಲೂಕು ಕೇಂದ್ರದಿಂದ ಕಡಿದು ಹೋದವು. ಭೂಪಟದಲ್ಲಿ ನೋಡಿದರೆ ಇದು ಪೂರ್ತಿ ದ್ವೀಪ ಅಲ್ಲ. ಹಿಂಭಾಗದಲ್ಲಿ ಕಾಡು, ಘಟ್ಟ, ಕೊಲ್ಲೂರು ಕಡೆಗಿನ ರಸ್ತೆ ಇದೆ. ಆದರೆ ಆಸ್ಪತ್ರೆ, ಕಾಲೇಜು, ತಾಲ್ಲೂಕು ಕಚೇರಿ, ಅಡಿಕೆ ಮಂಡಿ ಎಲ್ಲಾ ಇರೋದು ಸಾಗರದಲ್ಲಿ. ಸಾಗರಕ್ಕೆ ಬರಬೇಕೆಂದರೆ ಹೊಳೆ ದಾಟಬೇಕು, ಇಲ್ಲವೇ ಕಾರ್ಗಲ್ ಕಡೆಯಿಂದ ದೊಡ್ಡ ಸುತ್ತು ಹೊಡೀಬೇಕು. ಅದಕ್ಕೇ ಅಲ್ಲಿನವರು ತಮ್ಮನ್ನು ತಾವೇ ದ್ವೀಪದವರು ಅಂತ ಕರೆದುಕೊಂಡರು.

ಸುಮಾರು ಆರು ದಶಕ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಲಾಂಚೇ ದಾರಿ. ಬಸ್ಸು, ಲಾರಿ, ಬೈಕು, ಹೆರಿಗೆಗೆ ಹೊರಟ ಹೆಣ್ಣುಮಕ್ಕಳು, ಶವ – ಎಲ್ಲಾ ಅದರಲ್ಲೇ. ಸಂಜೆ ಕೊನೆ ಲಾಂಚ್ ತಪ್ಪಿದರೆ ರಾತ್ರಿ ಈಚೆ ದಡದಲ್ಲೇ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸೋದನ್ನು ನಿಲ್ಲಿಸುತ್ತಿದ್ದರು. 2023ರ ಬೇಸಿಗೆಯಲ್ಲೂ ಹಾಗೇ ಆಗಿತ್ತು. ಅಂಗಡಿಯವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಸಾಮಾನಿನ ಗಾಡಿ ದಡದಲ್ಲಿ ನಿಂತಷ್ಟೂ ಹೊತ್ತು ಬಾಡಿಗೆ ಏರುತ್ತೆ, ತರಕಾರಿ ಬಾಡುತ್ತೆ.

2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಇಲ್ಲಿನ ಸೇತುವೆಯನ್ನು ಉದ್ಘಾಟಿಸಿದರು. ಎರಡು ಕಿ.ಮೀ.ಗೂ ಉದ್ದದ, ಕೇಬಲ್ ಬಳಸಿ ಕಟ್ಟಿದ ಈ ಸೇತುವೆಗೆ 470 ಕೋಟಿ ರೂಪಾಯಿಗೂ ಹೆಚ್ಚು ಖರ್ಚಾಗಿದೆ. ಲಾಂಚಿಗೆ ಕಾದು ದಾಟಬೇಕಿದ್ದ ಹೊಳೆಯನ್ನು ಈಗ ಐದು ನಿಮಿಷದಲ್ಲಿ ದಾಟಬಹುದು.

ಖುಷಿ ಪಡೋ ಸಂಗತಿಯೇ. ಆದರೆ ಇದನ್ನು ಉಡುಗೊರೆ ಅಂತ ನೋಡಬೇಕಿಲ್ಲ. ಈ ಜನರಿಗೆ ಮೊದಲು ರಸ್ತೆ ಇತ್ತು. ಯೋಜನೆ ಅದನ್ನು ತೆಗೆದುಕೊಂಡಿತು. ಅರವತ್ತು ವರ್ಷದ ಮೇಲೆ ವಾಪಸ್ ಕೊಟ್ಟಿದೆ. ಹಸಿರುಮಕ್ಕಿ, ಮುಪ್ಪಾನೆ ಭಾಗದವರ ಲೆಕ್ಕವೂ ಇದೇ. ಹಸಿರುಮಕ್ಕಿಯಲ್ಲಿ ಸೇತುವೆ ಕೆಲಸ ಕೈಗೆತ್ತಿಕೊಳ್ಳಲಾಗಿದೆ.

ಸೇತುವೆಯಿಂದ ವ್ಯಾಪಾರವೂ ಜಾಗ ಬದಲಿಸುತ್ತೆ. ಲಾಂಚಿಗೆ ಕಾಯುವ ಜನರನ್ನೇ ನಂಬಿದ್ದ ದಡದ ಟೀ ಅಂಗಡಿ, ಹಣ್ಣಿನ ಗಾಡಿಯವರಿಗೆ ಈಗ ಗಿರಾಕಿ ನಿಲ್ಲೋದಿಲ್ಲ. ತುಮರಿ, ಸಿಗಂದೂರು ಕಡೆಯವರಿಗೆ ಹೊಸ ಗಿರಾಕಿ ಬರ್ತಾರೆ. ಜೊತೆಗೆ ದ್ವೀಪದ ಗಿರಾಕಿಯೂ ಸಾಮಾನಿಗೆ ಸುಲಭವಾಗಿ ಸಾಗರಕ್ಕೇ ಹೋಗ್ತಾನೆ.

ಹಾಗಾದ್ರೆ ಹಿನ್ನೀರು ಚಂದ ಅಲ್ವಾ?

ಚಂದವೇ. ಅದರಲ್ಲಿ ಅನುಮಾನ ಬೇಡ. ಮಾನವ ಕಟ್ಟಿದ ನೀರು ಅನ್ನೋ ಒಂದೇ ಕಾರಣಕ್ಕೆ ಅದನ್ನು ಕಮ್ಮಿ ಅಂತ ನೋಡುವುದು ಸಾಗರದವರಿಗೆ ಒಪ್ಪುವಂಥದ್ದೂ ಅಲ್ಲ. ಈ ಊರಿನ ಹೆಸರೇ ಒಂದು ಕಟ್ಟಿದ ಕೆರೆಯಿಂದ ಬಂದದ್ದು. ಕೆಳದಿಯ ಸದಾಶಿವ ನಾಯಕನ ಹೆಸರಿನ ಸದಾಶಿವ ಸಾಗರ, ಇವತ್ತಿನ ಗಣಪತಿ ಕೆರೆ. ಅದಕ್ಕೆ ಯಾರೂ ಅಳೋದಿಲ್ಲ. ಅದು ಊರಿನ ಹೆಮ್ಮೆ.

ಕೆರೆಗೂ ಅಣೆಕಟ್ಟಿಗೂ ವ್ಯತ್ಯಾಸ ಎಲ್ಲಿದೆ? ಇಬ್ಬರೂ ಹರಿಯುವ ನೀರನ್ನು ತಡೆದು ನಿಲ್ಲಿಸಿದವರೇ. ಆದರೆ ಕೆರೆಯಲ್ಲಿ ಜಾಗ ಬಿಟ್ಟವನ ಕಣ್ಣೆದುರೇ ಕೆರೆ ಕೆಳಗಿನ ಗದ್ದೆ ಹಸಿರಾಗುತ್ತೆ. ನಷ್ಟವೂ ಲಾಭವೂ ಒಂದೇ ಊರಿನದ್ದು. ಲಿಂಗನಮಕ್ಕಿಯಲ್ಲಿ ನಷ್ಟ ಒಂದು ಕಣಿವೆಯದ್ದು, ಲಾಭ ಇಡೀ ರಾಜ್ಯದ್ದು. ಲಾಭ ಪಡೆದವರು ದೂರ ಇದ್ದರು. ಅವರಿಗೆ ಸ್ವಿಚ್ ಕಂಡಿತು, ಗದ್ದೆ ಕಾಣಲಿಲ್ಲ.

ಹಾಗಾಗಿ ಜಗಳ ಚಂದದ್ದಲ್ಲ, ಬಾಕಿ ಲೆಕ್ಕದ್ದು. ಮುಳುಗಡೆಯ ಮನೆಯ ಮೊಮ್ಮಕ್ಕಳೂ ರಜೆಯಲ್ಲಿ ಹಿನ್ನೀರಿನ ದಡಕ್ಕೆ ಹೋಗ್ತಾರೆ, ಫೋಟೋ ತೆಗೀತಾರೆ, ಸ್ಟೇಟಸ್ ಹಾಕ್ತಾರೆ. ಸಿಗಂದೂರು ಚೌಡೇಶ್ವರಿಯ ಮೂಲ ಸ್ಥಾನವೂ ನೀರಿನ ಕೆಳಗೇ ಇದೆ, ಅಮ್ಮನೂ ಮುಳುಗಡೆಯಿಂದ ಎದ್ದು ಬಂದವಳು ಅನ್ನೋದು ಸ್ಥಳೀಯರ ಮಾತು. ಅದೇ ಅಮ್ಮನ ದರ್ಶನಕ್ಕೆ ಬಂದವರಿಂದಲೇ ಇವತ್ತು ಈ ಭಾಗದ ಹೋಟೆಲ್, ಜೀಪು, ಅಂಗಡಿಗಳು ನಡೀತಿವೆ. ಕಳೆದುಕೊಂಡ ನೀರಿನಿಂದಲೇ ಊಟ ಮಾಡೋದು ಇಲ್ಲಿ ಹೊಸದಲ್ಲ.

ಈ ಎರಡೂ ಭಾವನೆಯನ್ನು ಕನ್ನಡಕ್ಕೆ ತಂದವರು ಸಾಗರದ ಸಾಹಿತಿ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಮುಳುಗಡೆಯನ್ನು ಹತ್ತಿರದಿಂದ ಕಂಡಿದ್ದ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. ಗಿರೀಶ್ ಕಾಸರವಳ್ಳಿ ನಿರ್ದೇಶನದ 'ದ್ವೀಪ' ಚಿತ್ರಕ್ಕೆ ರಾಷ್ಟ್ರಮಟ್ಟದ ಅತ್ಯುತ್ತಮ ಚಿತ್ರ ಪ್ರಶಸ್ತಿಯೂ ಬಂತು. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು.

ಜೋಗಕ್ಕೆ ಏನಾಯ್ತು?

ಮುಳುಗಡೆ ಅಂದರೆ ಅಣೆಕಟ್ಟಿನ ಮೇಲ್ಭಾಗದ ಕಥೆ ಮಾತ್ರ ಅಲ್ಲ. ಕೆಳಗೂ ಒಂದು ನಷ್ಟ ಇದೆ. 830 ಅಡಿ ಎತ್ತರದಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್ ಮೊದಲೆಲ್ಲಾ ಬೇಸಿಗೆಯಲ್ಲೂ ಹೊಳೆಯ ನೀರಲ್ಲೇ ಬೀಳುತ್ತಿದ್ದವು. ಈಗ ಆ ನೀರು ಮೇಲೆಯೇ ನಿಂತು, ಪೈಪಿನಲ್ಲಿ ಬೇರೆ ದಾರಿಯಲ್ಲಿ ಘಟ್ಟ ಇಳಿಯುತ್ತೆ. ಜೋಗ ತುಂಬಿ ಧುಮುಕೋದು ಮಳೆಗಾಲದಲ್ಲಿ, ಅದರಲ್ಲೂ ಲಿಂಗನಮಕ್ಕಿ ಗೇಟು ತೆಗೆದಾಗ. ಏಪ್ರಿಲ್‌ನಲ್ಲಿ ಬಂದವರಿಗೆ ಕಾಣೋದು ಬಂಡೆ ಮತ್ತು ಒಂದೆರಡು ನೂಲಿನಂಥ ಧಾರೆ.

ಇನ್ನೂ ಮುಗಿಯದ ವಿಷಯ: ಹಕ್ಕುಪತ್ರ

ಅರವತ್ತು ವರ್ಷದ ಹಿಂದಿನ ಕಥೆಯನ್ನು ಈಗ ಯಾಕೆ ಕೆದಕೋದು ಅಂತ ಕೇಳುವವರಿದ್ದಾರೆ. ಉತ್ತರ ತಾಲ್ಲೂಕು ಕಚೇರಿಯ ಫೈಲುಗಳಲ್ಲಿದೆ.

ಮುಳುಗಡೆಯವರನ್ನು ಶಿವಮೊಗ್ಗ ಜಿಲ್ಲೆಯ ಹಲವು ತಾಲ್ಲೂಕುಗಳಿಗೆ ಕಳಿಸಿ ಕಾಡಿನ ಜಾಗ ತೋರಿಸಲಾಯಿತು. ಜನ ಗಿಡ ಕಡಿದು ಗದ್ದೆ ಮಾಡಿದರು, ತೋಟ ಎಬ್ಬಿಸಿದರು. ಆದರೆ ಎಷ್ಟೋ ಕಡೆ ಆ ಜಾಗ ಅರಣ್ಯ ಇಲಾಖೆಯ ದಾಖಲೆಯಿಂದ ಬಿಡುಗಡೆಯೇ ಆಗಲಿಲ್ಲ. ಜನ ಇದ್ದದ್ದು ಊರಿನಲ್ಲಿ, ಕಾಗದದಲ್ಲಿ ಅದು ಕಾಡು.

ಆಮೇಲೆ ಮೂರು ಗಂಟು ಬಿದ್ದವು.

ಮೊದಲನೇದು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ. ಇದು ಬಂದ ಮೇಲೆ ಅರಣ್ಯ ಭೂಮಿಯನ್ನು ಬಿಡುಗಡೆ ಮಾಡಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕೇ ಬೇಕು. ಅದಕ್ಕೂ ಮೊದಲು ರಾಜ್ಯ ಸರ್ಕಾರವೇ ಮುಗಿಸಬಹುದಾಗಿದ್ದ ಕೆಲಸ ಇಪ್ಪತ್ತು ವರ್ಷ ಹಾಗೇ ಉಳಿದಿತ್ತು.

ಎರಡನೇದು, ಹೈಕೋರ್ಟ್ ಆದೇಶ. ರಾಜ್ಯ ಸರ್ಕಾರ ಆಮೇಲೆ ಅಧಿಸೂಚನೆ ಹೊರಡಿಸಿ ಮುಳುಗಡೆಯವರ ಜಾಗವನ್ನು ಅರಣ್ಯದಿಂದ ಕೈಬಿಟ್ಟಿತು. ಕೇಂದ್ರದ ಒಪ್ಪಿಗೆ ಇಲ್ಲ ಎಂಬ ಕಾರಣಕ್ಕೆ ಅದು 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಕೈಗೆ ಬಂದಿದ್ದ ಹಕ್ಕು ಮತ್ತೆ ತೂಗುಯ್ಯಾಲೆಗೆ ಹೋಯಿತು.

ಮೂರನೇದು, 2006ರ ಅರಣ್ಯ ಹಕ್ಕು ಕಾಯ್ದೆ. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೂ ಮೊದಲು 75 ವರ್ಷ, ಅಂದರೆ ಮೂರು ತಲೆಮಾರು ಕಾಡಿನ ಜಾಗದಲ್ಲಿ ವಾಸ ಇದ್ದದ್ದಕ್ಕೆ ಸಾಕ್ಷಿ ಕೊಡಬೇಕು. ಲೆಕ್ಕ ಹಾಕಿದರೆ ಅದು 1930. ಮುಳುಗಡೆಯವರು ಕಾಡಿನ ಜಾಗಕ್ಕೆ ಬಂದದ್ದೇ 1960ರ ಆಸುಪಾಸು, ಅದೂ ಸರ್ಕಾರವೇ ಕಳಿಸಿದ ಮೇಲೆ. 1930ರಲ್ಲಿ ಅವರಿದ್ದ ಮನೆ ಈಗ ನೀರೊಳಗಿದೆ. ಈ ಕಾಯ್ದೆಯಡಿ ಹೆಚ್ಚಿನವರ ಅರ್ಜಿ ನಿಲ್ಲದಿರೋದಕ್ಕೆ ಇದೇ ಕಾರಣ.

ಹಕ್ಕುಪತ್ರ ಇಲ್ಲದಿದ್ದರೆ ಬ್ಯಾಂಕ್ ಸಾಲ ಕಷ್ಟ, ಅಣ್ಣ-ತಮ್ಮಂದಿರ ಹಿಸ್ಸೆ ಕಷ್ಟ, ಮನೆ ರಿಪೇರಿ ಮಾಡಿದರೂ ಒತ್ತುವರಿ ಕೇಸಿನ ಹೆದರಿಕೆ. ಮೂರನೇ ತಲೆಮಾರು ಇದೇ ಹೆದರಿಕೆಯಲ್ಲಿ ಬದುಕ್ತಿದೆ.

ಮನೆಯಲ್ಲಿ ಹಿರಿಯರು ಇಟ್ಟಿರುವ ಮುಳುಗಡೆ ನೋಟಿಸ್, ಪರಿಹಾರದ ಆದೇಶ, ಜಾಗ ಮಂಜೂರಾದ ಪತ್ರ, ಹಳೇ ಪಹಣಿ, ಕಂದಾಯದ ರಸೀದಿ – ಏನೇ ಇದ್ದರೂ ಎಸೆಯಬೇಡಿ. ಗೆದ್ದಲು ಹಿಡಿಯುವ ಮೊದಲು ಜೆರಾಕ್ಸ್ ಮಾಡಿಸಿ, ಮೊಬೈಲ್‌ನಲ್ಲಿ ಫೋಟೋ ತೆಗೆದು ಎರಡು ಕಡೆ ಇಟ್ಟುಕೊಳ್ಳಿ. ಸರ್ವೆ ಆದಾಗ, ವಿಚಾರಣೆ ಬಂದಾಗ ಕೇಳೋದು ಇದನ್ನೇ.

ಬೇಸಿಗೆಯಲ್ಲಿ ಏನು ಕಾಣುತ್ತೆ?

ಮಳೆ ಕಮ್ಮಿಯಾದ ವರ್ಷ ಏಪ್ರಿಲ್–ಜೂನ್ ನಡುವೆ ನೀರು ತುಂಬಾ ಇಳಿಯುತ್ತೆ. ಆಗ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತೆ. ಸುತ್ತಲೂ ಮರದ ಬೊಡ್ಡೆಗಳು, ಹಳೇ ರಸ್ತೆಯ ಗುರುತು, ಕಲ್ಲಿನ ಕಟ್ಟಡದ ಅವಶೇಷ ಕಾಣಿಸುತ್ತವೆ. ಇಷ್ಟು ವರ್ಷ ನೀರಲ್ಲಿದ್ದರೂ ಅಣೆಕಟ್ಟು ಗಟ್ಟಿಯಾಗಿ ನಿಂತಿರೋದು ನೋಡಿ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಬರ್ತಾರೆ.

ಹೋಗುವವರು ಇಷ್ಟು ನೆನಪಿಡಿ:

- ನೀರು ಇಳಿದ ಜಾಗದ ಹೂಳು ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು. ಕಾರು, ಬೈಕು ಇಳಿಸಬೇಡಿ.
- ಸೈಫನ್‌ಗಳ ಬಾಯಿ ಹತ್ತಿರ ಮಕ್ಕಳನ್ನು ಬಿಡಬೇಡಿ. ಒಳಗೆ ಬಿದ್ದರೆ ಹತ್ತಿ ಬರಲು ದಾರಿ ಇಲ್ಲ.
- ಹಿನ್ನೀರಿನಲ್ಲಿ ಈಜಲು ಇಳಿಯಬೇಡಿ. ದಡದಿಂದ ಎರಡು ಹೆಜ್ಜೆಗೇ ಹಳೇ ಹಳ್ಳದ ಆಳ ಇರಬಹುದು, ಬೊಡ್ಡೆಗೆ ಕಾಲು ಸಿಕ್ಕಿಕೊಳ್ಳಬಹುದು.
- ತೆಪ್ಪ, ದೋಣಿ ಹತ್ತುವಾಗ ಲೈಫ್ ಜಾಕೆಟ್ ಬೇಕೇ ಬೇಕು. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಅಲೆ ಜೋರು.
- ಬಾಟಲಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಬೇಸಿಗೆಯಲ್ಲಿ ಎಸೆದದ್ದು ಮಳೆಗಾಲದಲ್ಲಿ ಪೂರ್ತಿ ನೀರಿಗೇ ಸೇರುತ್ತೆ.
- ಇದು ಯಾರದ್ದೋ ಊರು ಇದ್ದ ಜಾಗ. ಬೇಸಿಗೆಯಲ್ಲಿ ಹಳೇ ಮನೆಯ ಜಾಗ ನೋಡಲು ಬರುವ ಹಿರಿಯರಿದ್ದಾರೆ. ಅವರ ಎದುರು ಸ್ಪೀಕರ್ ಹಾಕಿ ಕುಣಿಯೋದು ಬೇಡ.

ಮುಂದೆ ಬರ್ತಿರೋದು

ಶರಾವತಿಯ ಕಥೆ 1964ಕ್ಕೆ ನಿಂತಿಲ್ಲ. ಲಿಂಗನಮಕ್ಕಿ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾವ ಬಂದಾಗ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಗಿತ್ತು. ಈಗ ಮಾತಿನಲ್ಲಿರೋದು ಕರ್ನಾಟಕ ವಿದ್ಯುತ್ ನಿಗಮದ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಮೇಲೆ ತಳಕಳಲೆ, ಕೆಳಗೆ ಗೇರುಸೊಪ್ಪೆ. ಕರೆಂಟು ಹೆಚ್ಚಿದ್ದಾಗ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಬೇಡಿಕೆ ಇದ್ದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯೋದು ಇದರ ವಿಧಾನ. ಹಗಲಿನ ಸೋಲಾರ್ ಕರೆಂಟನ್ನು ರಾತ್ರಿಗೆ ಉಳಿಸಲು ಇದು ಬೇಕು ಅನ್ನೋದು ಪರವಾಗಿರುವವರ ವಾದ. ಜಾಗ ಇರೋದು ಸಿಂಗಳೀಕಗಳ ಅಭಯಾರಣ್ಯದಲ್ಲಿ, ಸುರಂಗ ಮತ್ತು ರಸ್ತೆಗೆ ಮತ್ತೆ ಕಾಡು ಹೋಗುತ್ತೆ ಅನ್ನೋದು ವಿರೋಧಿಸುವವರ ವಾದ.

ಎರಡೂ ಕಡೆ ತೂಕದ ಮಾತುಗಳಿವೆ. ಆದರೆ ಹೊಸ ಯೋಜನೆಯ ಸಭೆಗೆ ಹೋಗುವವರು ಹಳೆಯದರಿಂದ ಕಲಿತ ಮೂರು ಪ್ರಶ್ನೆಯನ್ನಾದರೂ ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದು. ಜಾಗ ಬಿಡುವವರ ಪೂರ್ತಿ ಪಟ್ಟಿ, ದಾಖಲೆ ಇಲ್ಲದವರೂ ಸೇರಿದಂತೆ, ಕೆಲಸ ಶುರುವಾಗುವ ಮೊದಲೇ ಸಿದ್ಧವಿದೆಯೇ? ಅವರಿಗೆ ಕೊಡುವ ಜಾಗ ಯಾರ ಹೆಸರಲ್ಲಿದೆ? ರಸ್ತೆ ಹೋದರೆ ಬದಲಿ ರಸ್ತೆ ಯಾವಾಗ?

1964ರಲ್ಲಿ ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗಲಿಲ್ಲ. ರಸ್ತೆ ಬರೋಕೆ 2025 ಆಗಬೇಕಾಯಿತು. ಹಕ್ಕುಪತ್ರಕ್ಕೆ ಈಗಲೂ ಕಾಯುವವರಿದ್ದಾರೆ.